ಕಾಗದದ ಮೇಲೆ ಓಡುವ ಕಾರು

ಗೇರ್‌ಬಾಕ್ಸಿನ ಎಣ್ಣೆ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿದ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಡ್ಡಿಯನ್ನು ನನ್ನ ಮುಖದ ಹತ್ತಿರ ಹಿಡಿದರು.

“ಎಂತ ಇದು ಮಾರಾಯ?”

ಮುರುಗಲು ಶರಬತ್ತಿಗೆ ಮಜ್ಜಿಗೆ ಹೊಯ್ದ ಹಾಗಿತ್ತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಹೀಗಿರಬಾರದು. ಬರೀ ಮುರುಗಲು ಶರಬತ್ತಿನ ಹಾಗೆ ಕೆಂಪಗೆ, ತಿಳಿಯಾಗಿರಬೇಕು. (ಆ ಕೆಂಪು ಬರೀ ಬಣ್ಣ. ನೆಲಕ್ಕೆ ತೊಟ್ಟಿಕ್ಕಿದ್ದು ಎಂಜಿನ್ ಆಯಿಲೋ ಗೇರ್‌ಬಾಕ್ಸ್ ಆಯಿಲೋ ಗೊತ್ತಾಗಲಿ ಅಂತ ತಯಾರಿಸುವವರೇ ಬೆರೆಸಿರುತ್ತಾರೆ.) ಹಾಲಿನಂತೆ ಮಬ್ಬಾಗಿದೆ ಅಂದರೆ ಒಳಗೆ ನೀರು ಹೋಗಿದೆ.

ನೀರು ಎಲ್ಲಿಂದ ಬಂತು ಅಂತ ಜಾಸ್ತಿ ಹುಡುಕಬೇಕಾಗಲಿಲ್ಲ. ಭಾವನ ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಈ ಗೇರ್‌ಬಾಕ್ಸ್ ಕಾರಿಗೆ ಹತ್ತುವ ಮೊದಲು ಎರಡು ಮಳೆಗಾಲ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತ್ತು. ಮೇಲೊಂದು ಪ್ಲಾಸ್ಟಿಕ್ ಹೊದೆಸಿದ್ದರು, ನಿಜ. ಆದರೆ ಡಿಪ್‌ಸ್ಟಿಕ್ಕಿನ ಕೊಳವೆಗೆ ಮುಚ್ಚಳ ಇರಲಿಲ್ಲ. ನೇರ ಅದರ ಮೇಲೇ ಒಂದು ಹಂಚು ಒಡೆದಿತ್ತು.

ಕಾರಿನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ಗುಜರಿಗೆ ಹೊರಟಿದ್ದ ಹಳೆ ಕಾಂಟೆಸಾದ ಬಾಡಿ. ಅದಕ್ಕೆ ಯಾವುದೋ ಜಪಾನಿ ಕಾರಿನ ದೊಡ್ಡ ಎಂಜಿನ್, ಅದರ ಬೆನ್ನಿಗೇ ಬಂದ ನಾಲ್ಕು ಗೇರಿನ ಆಟೋಮ್ಯಾಟಿಕ್. ಕಂಪ್ಯೂಟರ್ ಇಲ್ಲದ, ಪೂರ್ತಿ ಎಣ್ಣೆಯಲ್ಲೇ ಕೆಲಸ ಮಾಡುವ ಹಳೆ ಕಾಲದ್ದು. ಹಳೆ ಬಾಡಿಗೆ ಬಲವಾದ ಎಂಜಿನ್ ಕೂರಿಸೋದಕ್ಕೆ ಅಮೆರಿಕದಲ್ಲಿ ಹಾಟ್ ರಾಡ್ ಅನ್ನುತ್ತಾರೆ. 1930-40ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ಹುಡುಗರು ಇಂಥ ಗಾಡಿ ಓಡಿಸಿ ಶುರು ಮಾಡಿದ ಹುಚ್ಚು ಅದು. ಅವರಿಗೆ ಒಣ ಕೆರೆ ಇತ್ತು, ಭಾವನಿಗೆ ಅಡಿಕೆ ಒಣಗಿಸುವ ಅಂಗಳ ಇದೆ. ರೋಡಿಗೆ ಇಳಿಸುವ ಆಸೆ ಇಟ್ಟುಕೊಳ್ಳಬೇಡಿ ಅಂತ ಮೊದಲೇ ಹೇಳಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳಿಗೆ ಸುಲಭಕ್ಕೆ ಬಿಡೋದಿಲ್ಲ. “ತೋಟದೊಳಗೆ ಓಡಿಸಲಿಕ್ಕೆ ಯಾರ ಅಪ್ಪಣೆ?” ಅಂದರು.

ತೊಂದರೆ ಹೀಗಿತ್ತು. ಒಂದನೇ ಗೇರಿನಲ್ಲಿ ಕಾರು ಹೊರಡುತ್ತದೆ, ಎರಡನೆಯದೂ ಹೇಗೋ ಬೀಳುತ್ತದೆ. ಮೂರಕ್ಕೆ ಬಂತೋ, ಎಂಜಿನ್ ಕೂಗುತ್ತದೆ, ಕಾರು ಮಾತ್ರ ಏರಿನಲ್ಲಿ ಸುಸ್ತಾದ ಎತ್ತಿನ ಹಾಗೆ ನಿಲ್ಲುತ್ತದೆ. ಗೇರು ಸ್ಲಿಪ್ ಆಗ್ತಾ ಇದೆ ಅನ್ನೋದು ಇದಕ್ಕೇ.

ಏನು ಜಾರುತ್ತಿದೆ ಅಂತ ತಿಳಿಯಬೇಕಾದರೆ ಒಳಗೆ ಹೋಗಬೇಕು. ಹೋಗುವ ಮೊದಲು ಒಂದು ಮಾತು. ಈಗ ಶಿವಮೊಗ್ಗದ ರಸ್ತೆಗಳಲ್ಲಿ ಕಾಣುವ ಎಷ್ಟೋ ‘ಆಟೋಮ್ಯಾಟಿಕ್’ ಸಣ್ಣ ಕಾರುಗಳು ಎಎಂಟಿ ಜಾತಿಯವು. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮಲ್ಲಿ ಶುರುವಾದವು. ಅವುಗಳಲ್ಲಿ ಇರೋದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕಾಲು, ಗೇರು ಬದಲಿಸುವ ಕೈ ಎರಡರ ಬದಲು ಯಂತ್ರ ಇರುತ್ತದೆ, ಅಷ್ಟೆ. ನಾನು ಹೇಳುತ್ತಿರೋದು ಬೇರೆಯೇ ಪ್ರಾಣಿ.

ಇದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಕುಂಬಳಕಾಯಿಯಂಥ ಒಂದು ಉಕ್ಕಿನ ಬುರುಡೆ, ಟಾರ್ಕ್ ಕನ್ವರ್ಟರ್. ಒಳಗೆ ಎಣ್ಣೆ. ಎಂಜಿನ್ ತಿರುಗಿದರೆ ಬುರುಡೆಯ ಒಂದು ಬದಿಯ ರೆಕ್ಕೆಗಳು ಎಣ್ಣೆಯನ್ನು ಎದುರು ಬದಿಯ ರೆಕ್ಕೆಗಳಿಗೆ ಎರಚುತ್ತವೆ. ಆ ಹೊಡೆತಕ್ಕೆ ಅವೂ ತಿರುಗುತ್ತವೆ. ಶರಾವತಿ ವಿದ್ಯುದಾಗಾರದಲ್ಲಿ ನೀರು ಬಡಿದು ಚಕ್ರ ತಿರುಗುವ ತತ್ವವೇ ಇಲ್ಲೂ ಇರೋದು. ಇಲ್ಲಿ ಪಂಪು, ಟರ್ಬೈನು ಎರಡೂ ಒಂದೇ ಬುರುಡೆಯಲ್ಲಿ ಎದುರುಬದುರು ಕೂತಿವೆ. ನಡುವೆ ಮೂರನೆಯದೊಂದು ಸಣ್ಣ ಚಕ್ರವಿದೆ, ಸ್ಟೇಟರ್. ಟರ್ಬೈನಿಗೆ ಬಡಿದು ವಾಪಸ್ ಬರುವ ಎಣ್ಣೆ ಉಲ್ಟಾ ದಿಕ್ಕಿನಲ್ಲಿ ಸುಳಿಯುತ್ತಿರುತ್ತದೆ. ಅದನ್ನು ಸ್ಟೇಟರ್ ತಿರುವಿ, ಪಂಪಿಗೆ ಸಹಾಯ ಆಗುವ ದಿಕ್ಕಿಗೆ ಬಿಡುತ್ತದೆ. ಹಾಗಾಗಿ ನಿಂತ ಕಾರು ಹೊರಡುವಾಗ ಎಂಜಿನ್ನಿನ ತಿರುಚು ಬಲ ಸುಮಾರು ಎರಡು ಪಟ್ಟಾಗಿ ಹೊರಬರುತ್ತದೆ. ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗಿಗಾಗಿ. ಕಾರಿಗೆ ಬರುವುದಕ್ಕೆ ಇನ್ನೂ ಸುಮಾರು ವರ್ಷ ಹಿಡಿಯಿತು.

ಅದರ ಹಿಂದೆ ಗೇರುಗಳು. ಇವು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಡುವೆ ಒಂದು ಸೂರ್ಯ. ಸುತ್ತ ಮೂರೋ ನಾಲ್ಕೋ ಗ್ರಹಗಳು. ಅವನ್ನೆಲ್ಲ ಸುತ್ತುವರಿದು, ಒಳಮೈಗೆ ಹಲ್ಲಿರುವ ಒಂದು ಬಳೆ. ಗ್ರಹಗಳನ್ನು ಒಟ್ಟಿಗೆ ಹಿಡಿದಿಡುವ ಒಂದು ಚೌಕಟ್ಟು. ಆಟ ಇರೋದು ಯಾವುದನ್ನು ಹಿಡಿದು ನಿಲ್ಲಿಸುತ್ತೀರಿ ಅನ್ನೋದರಲ್ಲಿ. ಸೂರ್ಯನಿಗೆ 36 ಹಲ್ಲು, ಬಳೆಗೆ 72 ಹಲ್ಲು ಅಂದುಕೊಳ್ಳಿ. ಬಳೆಯನ್ನು ಹಿಡಿದು ಸೂರ್ಯನನ್ನು ಮೂರು ಸುತ್ತು ತಿರುಗಿಸಿದರೆ ಚೌಕಟ್ಟು ಒಂದು ಸುತ್ತು ಬರುತ್ತದೆ. ವೇಗ ಕಮ್ಮಿ, ಬಲ ಜಾಸ್ತಿ. ಸೂರ್ಯನನ್ನು ಹಿಡಿದು ಬಳೆಯನ್ನು ಮೂರು ಸುತ್ತು ತಿರುಗಿಸಿ, ಚೌಕಟ್ಟು ಎರಡು ಸುತ್ತು. ಚೌಕಟ್ಟನ್ನೇ ಹಿಡಿದರೆ ಬಳೆ ಹಿಂದಕ್ಕೆ ತಿರುಗುತ್ತದೆ: ರಿವರ್ಸ್! ಯಾವುದಾದರೂ ಎರಡನ್ನು ಒಂದಕ್ಕೊಂದು ಬಿಗಿದರೆ ಇಡೀ ಸಂಸಾರವೇ ಒಂದಾಗಿ ಸುತ್ತುತ್ತದೆ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಇಂಥದ್ದೇ ಗೇರುಗಳಿದ್ದವು. ಹಿಡಿದು ನಿಲ್ಲಿಸುವ ಕೆಲಸವನ್ನು ಚಾಲಕ ಕಾಲಲ್ಲಿ ಪೆಡಲ್ ಒತ್ತಿ ಮಾಡುತ್ತಿದ್ದ.

ಆಟೋಮ್ಯಾಟಿಕ್‌ನಲ್ಲಿ ಹಿಡಿಯುವವರು ಯಾರು? ಕಾಗದ.

ತಮಾಷೆಯಲ್ಲ. ಡಬ್ಬಿಯಂಥ ಒಂದು ಡ್ರಮ್ಮಿನೊಳಗೆ ತೆಳು ಪ್ಲೇಟುಗಳನ್ನು ದೋಸೆ ಪೇರಿಸಿದಂತೆ ಪೇರಿಸಿರುತ್ತಾರೆ. ಒಂದು ಬರೀ ಉಕ್ಕಿನದು, ಒಂದು ಎರಡೂ ಬದಿಗೆ ಕಾಗದ ಅಂಟಿಸಿದ್ದು, ಮತ್ತೆ ಉಕ್ಕು, ಮತ್ತೆ ಕಾಗದ. ಪಿಸ್ಟನ್ನಿನ ಹಿಂದೆ ಎಣ್ಣೆ ನುಗ್ಗಿದರೆ ಇಡೀ ಪೇರಿಕೆ ಒತ್ತಿಕೊಂಡು ಒಂದೇ ಗಟ್ಟಿ ಆಗುತ್ತದೆ. ಗೇರು ಬಿತ್ತು ಅಂತ ಅರ್ಥ. ಕಾಗದ ಅಂದರೆ ನೋಟ್‌ಬುಕ್ಕಿನದಲ್ಲ. ಹತ್ತಿಯಂಥ ನಾರು, ಖನಿಜದ ಪುಡಿ, ಗಟ್ಟಿ ಮಾಡಲು ರಾಳ. ಆದರೆ ತಯಾರಿಸುವ ರೀತಿ ಕಾಗದದ್ದೇ. 1936ರಲ್ಲಿ ಶುರುವಾದ ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಯನ್ನು ಒಳಗೆ ಹೊಕ್ಕು ನೋಡಿದವರಿಗೆ ಗೊತ್ತಿರುತ್ತದೆ: ನಾರನ್ನು ನೀರಿನಲ್ಲಿ ಕದಡಿ, ಜಾಲರಿಯ ಮೇಲೆ ಹರಡಿ, ಹಾಳೆ ಎಬ್ಬಿಸೋದು. ಇದೂ ಹಾಗೇ. ದಪ್ಪ ಒಂದು ಮಿಲಿಮೀಟರಿಗಿಂತ ಕಮ್ಮಿ. ಸಾವಿರ ಕಿಲೋ ದಾಟುವ ಕಾರನ್ನು ಏರು ಹತ್ತಿಸೋದು ಇದರ ಹಿಡಿತ.

ಕಾಗದವೇ ಯಾಕೆ? ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಒತ್ತಿದಾಗ ಪ್ಲೇಟುಗಳ ನಡುವಿನ ಎಣ್ಣೆ ಆ ರಂಧ್ರಗಳೊಳಗೆ ಹೋಗುತ್ತದೆ, ಉಜ್ಜುವಾಗ ಹುಟ್ಟಿದ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಹಿಡಿತ ಜರ್ಕು ಹೊಡೆಯದೆ, ನಯವಾಗಿ ಬರುತ್ತದೆ. ಎಣ್ಣೆಯಲ್ಲಿ ವರ್ಷಗಟ್ಟಲೆ ನೆಂದಿದ್ದರೂ ಈ ಕಾಗದಕ್ಕೆ ಏನೂ ಆಗದು. ನೀರಿನ ಕಥೆ ಬೇರೆ. ನಾರಿಗೆ ಎಣ್ಣೆಗಿಂತ ನೀರು ಇಷ್ಟ. ನೀರು ಕಂಡರೆ ಅದು ಎಣ್ಣೆಯನ್ನು ಬಿಟ್ಟು ನೀರನ್ನು ಹೀರುತ್ತದೆ. ನೀರು ಕಾಗದವನ್ನು ದಾಟಿ ಅಂಟಿನ ತನಕ ಇಳಿಯುತ್ತದೆ. ಅಡಿಯ ಉಕ್ಕಿಗೆ ತುಕ್ಕು, ಅಂಟು ಸಡಿಲ. ಮಳೆಗಾಲದಲ್ಲಿ ಗೋಡೆಯ ಕ್ಯಾಲೆಂಡರ್ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾ?

“ಎಣ್ಣೆ ಬದಲಿಸಿದರೆ ಸಾಕಲ್ಲ?” ಅಂತ ಭಾವ ಕೇಳಿದರು. ಸಾಲದು. ಎಂಜಿನ್ ಬಿಸಿಗೆ ಎಣ್ಣೆಯೊಳಗಿನ ನೀರು ಆರಬಹುದು. ಬಿಟ್ಟುಹೋದ ಅಂಟು ವಾಪಸ್ ಬರೋದಿಲ್ಲ.

ಬಿಚ್ಚಿದೆವು. ಮೂರನೇ ಗೇರಿನ ಡ್ರಮ್ಮಿನಿಂದ ಮೊದಲ ಪ್ಲೇಟ್ ಎತ್ತಿದಾಗ ಕಾಗದ ಕೆಳಗೇ ಉಳಿಯಿತು, ಕಾವಲಿಗೆ ಹತ್ತಿದ ದೋಸೆಯ ಹಾಗೆ. ಉಗುರಲ್ಲಿ ಎಬ್ಬಿಸಿದರೆ ಸಿಪ್ಪೆಯಾಗಿ ಬಂತು. ಅಡಿಯಲ್ಲಿ ಕೆಂಪು ತುಕ್ಕಿನ ಕಲೆ. ಹಳೆ ರಬ್ಬರ್ ಸೀಲುಗಳೂ ಗಟ್ಟಿಯಾಗಿದ್ದವು. ಎಲ್ಲಕ್ಕೂ ಹೊಸ ಕಿಟ್ ತರಿಸಿದೆವು. ಅದು ಬರುವ ಹೊತ್ತಿಗೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅಳತೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿಕೊಂಡು ಬಂದೆವು.

ಜೋಡಿಸುವ ಕೆಲಸ ಅಡಿಗೆಮನೆಯ ಶಿಸ್ತು ಬೇಡುತ್ತದೆ. ಹೊಸ ಪ್ಲೇಟುಗಳನ್ನು ಮೊದಲು ಬೇಸಿನ್ನಿನಲ್ಲಿ ಹೊಸ ಎಣ್ಣೆ ಸುರಿದು ನೆನೆಹಾಕಬೇಕು. ಒಣ ಕಾಗದವನ್ನು ಹಾಗೇ ಹಾಕಿದರೆ ಮೊದಲ ಸಲಕ್ಕೇ ಸುಡುತ್ತದೆ. ಎಣ್ಣೆಯನ್ನು ಬೇಕಾದ ಕಡೆ ಹರಿಸುವ ಕಾಲುವೆ, ವಾಲ್ವುಗಳಿರುವ ಗಟ್ಟಿಗೆ ವಾಲ್ವ್ ಬಾಡಿ ಅನ್ನುತ್ತಾರೆ. ಭಾವ ಅದನ್ನು ಹಳೆ ಪಂಚೆಯಲ್ಲಿ ಒರೆಸಲು ಹೊರಟಿದ್ದರು, ಕೈ ಹಿಡಿದೆ. ಪಂಚೆಯ ಒಂದು ಎಳೆ ಸಾಕು, ಕೂದಲೆಳೆ ಸಂದಿಯಲ್ಲಿ ಓಡಾಡುವ ವಾಲ್ವು ಸಿಕ್ಕಿಹಾಕಿಕೊಳ್ಳಲು. ಕಂಪ್ರೆಸರ್ ಗಾಳಿಯಲ್ಲೇ ಒಣಗಿಸಬೇಕು. ಅದರ ಕಾಲುವೆಗಳಲ್ಲಿ ಕೂರುವ ಉಕ್ಕಿನ ಗುಂಡುಗಳು ಜೋಡಿಸುವಾಗ ಉದುರದಂತೆ ವ್ಯಾಸ್ಲಿನ್ ಮೆತ್ತಿದೆವು. ವ್ಯಾಸ್ಲಿನ್ ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಗ್ರೀಸ್ ಮೆತ್ತಿದರೆ ಕರಗದೆ ಕಾಲುವೆ ಕಟ್ಟುತ್ತದೆ. ಪ್ರತಿ ಡ್ರಮ್ಮಿನ ರಂಧ್ರಕ್ಕೂ ಗಾಳಿ ಬಿಟ್ಟು ಕಿವಿಗೊಟ್ಟೆವು. ‘ಥಪ್’ ಅಂದರೆ ಪಿಸ್ಟನ್ ಒತ್ತಿತು, ಸೀಲು ಸರಿ ಇದೆ. ‘ಸುಸ್ಸ್’ ಅಂತ ಸೋರಿದರೆ ಮತ್ತೆ ಬಿಚ್ಚು. ನಮಗೆ ಒಂದು ಸುಸ್ಸ್ ಸಿಕ್ಕಿತು. ಒಂದು ಇಡೀ ಸಂಜೆ ಹೋಯಿತು.

ಕೊನೆಗೆ ಆ ಕುಂಬಳಕಾಯಿ. ಮನೆಯಲ್ಲಿ ಕೆಲಸ ಮಾಡುವವರು ಎಡವೋದು ಇಲ್ಲೇ. ಅದರ ಕತ್ತು ಮೂರು ಕಡೆ ಒಂದಾದ ಮೇಲೊಂದು ಕೂರಬೇಕು, ಕೊನೆಯದು ಎಣ್ಣೆ ಪಂಪಿನ ಗೇರು. ತಿರುಗಿಸುತ್ತಾ ಒತ್ತಿದರೆ ಕಟಕ್, ಕಟಕ್, ಕಟಕ್ ಅಂತ ಒಳಗೆ ಇಳಿಯುತ್ತದೆ. ಎರಡೇ ಕಟಕ್ಕಿಗೆ ಸಮಾಧಾನಪಟ್ಟು ಬೋಲ್ಟ್ ಬಿಗಿದರೆ ಪಂಪು ಪುಡಿ. ನಾವು ಎರಡು ಕೇಳಿ, ಸ್ಕೇಲು ಇಟ್ಟು ಅಳೆದು, ಇನ್ನೊಂದಕ್ಕೆ ಅರ್ಧ ಗಂಟೆ ಕಾದೆವು.

ಅಂದಹಾಗೆ, ಆ ಪಂಪು ತಿರುಗೋದು ಎಂಜಿನ್ ತಿರುಗಿದರೆ ಮಾತ್ರ. ನಮ್ಮ ಕಡೆಯ ಜೀಪುಗಳ ಹಾಗೆ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಎಂಜಿನ್ ಆಫ್ ಇದ್ದರೆ ಎಣ್ಣೆಯ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ಯಾವ ಗೇರೂ ಹಿಡಿದಿಲ್ಲ. ಎಂಜಿನ್ ಬಲ ಹೋಗುವ ಚಕ್ರಗಳನ್ನು ನೆಲಕ್ಕೆ ತಾಗಿಸಿಕೊಂಡು ದೂರ ಎಳೆದೊಯ್ದರೂ ಅಷ್ಟೆ, ಒಳಗೆ ಎಣ್ಣೆ ಕಾಣದೆ ಬೇರಿಂಗುಗಳು ಒಣಗಿ ಸುಡುತ್ತವೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕಂಪ್ಯೂಟರ್ ಇಲ್ಲ ಅಂದೆ. ಹಾಗಾದರೆ ಯಾವಾಗ ಗೇರು ಬದಲಿಸಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಎಣ್ಣೆಯೇ. ವಾಲ್ವ್ ಬಾಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಅಡಿಕೆ ತೋಟದ ಕಾಲುವೆಗಳನ್ನು ಗುಡ್ಡದ ಮೇಲಿಂದ ನೋಡಿದ ಹಾಗೆ ಕಾಣುತ್ತದೆ. ಅದರಲ್ಲಿ ಬೆರಳಿನಷ್ಟು ಉದ್ದದ ಒಂದು ವಾಲ್ವು. ಒಂದು ತುದಿಯಲ್ಲಿ ಕಾರಿನ ವೇಗ ಹೆಚ್ಚಿದಷ್ಟೂ ಹೆಚ್ಚುವ ಎಣ್ಣೆಯ ಒತ್ತಡ ತಳ್ಳುತ್ತದೆ. ಇದನ್ನು ಕಳಿಸೋದು ಹಿಂದಿನ ಶಾಫ್ಟಿನಲ್ಲಿ ಸುತ್ತುತ್ತಾ ಹೊರಕ್ಕೆ ಚಿಮ್ಮುವ ತೂಕಗಳು. ಜೇಮ್ಸ್ ವಾಟ್ 1788ರಲ್ಲಿ ಹಬೆ ಎಂಜಿನ್ನಿಗೆ ಹಾಕಿದ, ವೇಗವನ್ನು ಹದ್ದುಬಸ್ತಿನಲ್ಲಿಡುವ ಗವರ್ನರಿನ ಮರಿ ಇದು. ಇನ್ನೊಂದು ತುದಿಯಲ್ಲಿ ನಿಮ್ಮ ಕಾಲು. ಎಕ್ಸಲರೇಟರ್ ತುಳಿದಷ್ಟೂ ಹೆಚ್ಚುವ ಒತ್ತಡ, ಜೊತೆಗೊಂದು ಸ್ಪ್ರಿಂಗ್. ವೇಗದ ಕಡೆ ಗೆದ್ದರೆ ವಾಲ್ವು ಸರಿದು ಮೇಲಿನ ಗೇರಿಗೆ ದಾರಿ ಬಿಡುತ್ತದೆ. ಕಾಲು ಗೆದ್ದರೆ ಕೆಳಗಿನ ಗೇರು. ಏರಿನಲ್ಲಿ ಜೋರಾಗಿ ತುಳಿದಾಗ ಗೇರು ತಡವಾಗಿ ಬದಲಾಗೋದು ಈ ಕುಸ್ತಿಯಿಂದಲೇ.

ಕಾಲಿನ ಸುದ್ದಿ ಗೇರ್‌ಬಾಕ್ಸಿಗೆ ಮುಟ್ಟೋದು ಒಂದು ತಂತಿಯಿಂದ. ನಮ್ಮದರಂಥ ಕೆಲವು ಗೇರ್‌ಬಾಕ್ಸುಗಳಲ್ಲಿ ಅದೇ ತಂತಿ ಪ್ಲೇಟು ಒತ್ತುವ ಎಣ್ಣೆಯ ಒತ್ತಡವನ್ನೂ ತೀರ್ಮಾನಿಸುತ್ತದೆ. ಭಾವ ಎಂಜಿನ್ನಿಗೆ ಬೇರೆ ಕಾರ್ಬ್ಯುರೇಟರ್ ಹಾಕಿದ್ದರು. ತಂತಿ ಎಳೆಯುವ ಅದರ ಸನ್ನೆ (ಲಿವರ್) ಗಿಡ್ಡ, ತಂತಿಯನ್ನು ಪೂರ್ತಿ ಎಳೆಯುತ್ತಲೇ ಇರಲಿಲ್ಲ. ಅಂದರೆ ಪೂರ್ತಿ ತುಳಿದರೂ ಗೇರ್‌ಬಾಕ್ಸಿಗೆ ‘ಅರ್ಧ ತುಳಿದಿದ್ದಾರೆ’ ಅಂತ ಸುದ್ದಿ. ಅದು ಅರ್ಧ ಒತ್ತಡದಲ್ಲಿ ಪ್ಲೇಟು ಹಿಡಿಯುತ್ತದೆ. ಹೊಸ ಕಾಗದವೂ ಜಾರುತ್ತದೆ, ಸುಡುತ್ತದೆ. ಮಳೆ ಮಾಡಿದ ಹಾಳನ್ನು ಸರಿಮಾಡಿ, ನಾವೇ ಇನ್ನೊಂದು ಹಾಳಿಗೆ ತಯಾರಾಗಿದ್ದೆವು! ಸನ್ನೆಯನ್ನು ಉದ್ದ ಮಾಡಿಸಿ, ಒಬ್ಬರು ಪೆಡಲ್ ಪೂರ್ತಿ ತುಳಿದು, ಇನ್ನೊಬ್ಬರು ತಂತಿ ಕೊನೆ ಮುಟ್ಟಿದ್ದನ್ನು ಕಣ್ಣಲ್ಲಿ ನೋಡಿದ ಮೇಲೇ ಸ್ಟಾರ್ಟ್ ಮಾಡಿದೆವು.

ಘಾಟಿ ಇಳಿಯುವವರಿಗೆ ಸಣ್ಣ ಕಿವಿಮಾತು. ಹಳೆ ಆಟೋಮ್ಯಾಟಿಕ್‌ಗಳಲ್ಲಿ ‘ಡಿ’ ಹಾಕಿಕೊಂಡೇ ಆಗುಂಬೆಯ 14 ತಿರುವು ಇಳಿದರೆ ಎಂಜಿನ್ ಗಾಡಿಯನ್ನು ಹಿಡಿಯೋದಿಲ್ಲ. ಡಿ ಇಟ್ಟರೆ ಕೆಳಗಿನ ಗೇರನ್ನು ಹಿಡಿದಿರೋದು ಸೈಕಲ್ಲಿನ ಫ್ರೀವೀಲಿನಂಥದ್ದು, ಮುಂದಕ್ಕೆ ತಳ್ಳುವಾಗ ಕಚ್ಚುತ್ತದೆ, ಇಳಿಜಾರಿನಲ್ಲಿ ಬಿಟ್ಟುಬಿಡುತ್ತದೆ. ಲಿವರನ್ನು ‘2’ ಅಥವಾ ‘ಎಲ್’ಗೆ ಎಳೆದರೆ ಇನ್ನೊಂದು ಹಿಡಿತ ಬಂದು ಎಂಜಿನ್ ತಡೆಯುತ್ತದೆ. ಬ್ರೇಕಿನ ವಾಸನೆ ಬರೋದಿಲ್ಲ.

ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಬಿಸಿಯಾದ ಮೇಲೆ ಭಾವ ಡಿಪ್‌ಸ್ಟಿಕ್ ಎಳೆದರು. ತಿಳಿ ಕೆಂಪು. ಅಂಗಳದಿಂದ ತೋಟದ ಏರಿಗೆ ಮೂರನೇ ಗೇರಿನಲ್ಲಿ ಗಾಡಿ ಹತ್ತಿತು. ಎರಡರಿಂದ ಮೂರಕ್ಕೆ ಬೀಳುವಾಗ ಸಣ್ಣ ಜರ್ಕು ಇನ್ನೂ ಇದೆ. ತಂತಿ ಒಂದು ಸುತ್ತು ಸಡಿಲಿಸಬೇಕೋ, ವಾಲ್ವ್ ಬಾಡಿ ಮತ್ತೆ ಬಿಚ್ಚಬೇಕೋ ನೋಡಬೇಕು. ಅಷ್ಟರಲ್ಲಿ ಅಕ್ಕ ಬಂದು, ನಾಳೆ ಅಡಿಕೆ ಹರವಬೇಕು, ಮೊದಲು ಅಂಗಳದ ಎಣ್ಣೆ ಒರೆಸಿ ಅಂದಳು. ಆ ಹಳೆ ಪಂಚೆ ಅದಕ್ಕೆ ಬಂತು.