ತಡೆದವರು ಕಾರಣ ಹೇಳಬೇಕಲ್ವಾ?

1950ರ ಮಾರ್ಚ್ 1. ಸಂವಿಧಾನ ಜಾರಿಯಾಗಿ ಐದು ವಾರವೂ ತುಂಬಿರಲಿಲ್ಲ. ಮುಂಬಯಿಯಲ್ಲಿ ಅಚ್ಚಾಗುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ಎಡಪಂಥೀಯ ವಾರಪತ್ರಿಕೆ ತನ್ನ ಗಡಿಯೊಳಗೆ ಬರಕೂಡದು ಎಂದು ಮದ್ರಾಸ್ ಸರ್ಕಾರ ಆದೇಶ ಹೊರಡಿಸಿತು. ಆಗ ಮಂಗಳೂರು, ಬಳ್ಳಾರಿ ಎಲ್ಲ ಮದ್ರಾಸಿಗೇ ಸೇರಿದ್ದವು. ಹಾಗಾಗಿ ನಮ್ಮವರಿಗೂ ಆ ಪತ್ರಿಕೆ ತಪ್ಪಿತು.

ಸಂಪಾದಕ ರೊಮೇಶ್ ಥಾಪರ್ ಆ ಆದೇಶದ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ರಂದು ಗೆದ್ದರು. ಬರೆದದ್ದು ಓದುಗರ ಕೈ ಸೇರುವುದೂ ವಾಕ್ ಸ್ವಾತಂತ್ರ್ಯವೇ ಎಂದಿತು ಕೋರ್ಟು.

ಕೇಂದ್ರ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಮರುವರ್ಷ ಜೂನ್‌ನಲ್ಲೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳ ಸ್ನೇಹ, ಅಪರಾಧಕ್ಕೆ ಪ್ರಚೋದನೆ ಎಂಬ ಮೂರು ಹೊಸ ಕಾರಣಗಳು, ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಬಿಡುವ 19(2)ನೇ ವಿಧಿಗೆ ಸೇರಿದವು. ಆದರೆ ಜೊತೆಗೇ ಇನ್ನೊಂದು ಪದವೂ ಸೇರಿತು: ನಿರ್ಬಂಧ ‘ಸಮಂಜಸ’ವಾಗಿರಬೇಕು. ನನ್ನ ಮಟ್ಟಿಗೆ ಇಡೀ ತಿದ್ದುಪಡಿಯಲ್ಲಿ ಬೆಲೆಬಾಳುವ ಪದ ಅದೊಂದೇ. ಸಮಂಜಸ ಹೌದೋ ಅಲ್ಲವೋ ಎಂದು ನೋಡಬೇಕಾದರೆ ‘ಯಾಕೆ ತಡೆದಿರಿ?’ ಎಂದು ಕೇಳಲೇಬೇಕಲ್ವಾ?

1970ರಲ್ಲಿ ‘ಸಂಸ್ಕಾರ’ ಚಿತ್ರವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಯಿತು. ಜಾತಿಯ ಮಾತು, ಜನ ಕೆರಳಿಯಾರು ಎಂಬ ಭಯ. ಕೊನೆಗೆ ಕೇಂದ್ರ ಸರ್ಕಾರ ಆ ತಡೆಯನ್ನು ತೆಗೆಯಿತು. ಅದೇ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂತು.

ಅದರಲ್ಲಿ ಚಂದ್ರಿಯಾಗಿ ನಟಿಸಿದವರು ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿಗೆ ಹಾಕಿದರು. ಆಸ್ತಮಾ ರೋಗಿ. ತಿಂಗಳುಗಟ್ಟಲೆ ವಿಚಾರಣೆಯೇ ಇಲ್ಲದೆ ಒಳಗಿದ್ದರು. ಪರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು. ಆಗಿನ ಆಂತರಿಕ ಭದ್ರತೆಯ ಕಾಯ್ದೆ ಮೀಸಾದಡಿ ಬಂಧಿತರಾದವರಿಗೆ ಕಾರಣ ತಿಳಿಸಬೇಕಾದ ಅಗತ್ಯವೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಮಾತೆಲ್ಲ ಮೊಬೈಲಿಗೆ ಬಂದಿದೆ. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಖಾತೆ, ಪೋಸ್ಟ್ ತಡೆಯಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುವ 69ಎ ಮಾತ್ರ ಉಳಿಯಿತು. ಕಾರಣ ಬರೆದಿಡಬೇಕು, ಬರೆದಿಟ್ಟಿದ್ದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬ ನಂಬಿಕೆಯೂ ಅದು ಉಳಿಯಲು ಒಂದು ಕಾರಣ. ಆದರೆ ಆ 69ಎ ಅಡಿಯ 2009ರ ನಿಯಮಗಳಲ್ಲಿ 16ನೆಯದು, ದೂರು ಮತ್ತು ಕ್ರಮ ಎರಡನ್ನೂ ಗುಟ್ಟಾಗಿಡಿ ಎನ್ನುತ್ತದೆ. ಕಾರಣ ಬರೆದಿರುತ್ತದೆ, ಓದಲು ಸಿಗುವುದಿಲ್ಲ.

ಈ ಜಗಳ ಬೆಂಗಳೂರಿಗೂ ಬಂತು. ಆದೇಶಗಳಲ್ಲಿ ಸರಿಯಾದ ಕಾರಣವಿಲ್ಲ, ಬರೆದವರಿಗೆ ನೋಟಿಸೇ ಹೋಗಿಲ್ಲ ಎಂದು ಟ್ವಿಟರ್ ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ವಾದಿಸಿತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, 50 ಲಕ್ಷ ರೂಪಾಯಿ ದಂಡವೂ ಬಿತ್ತು.

ಗಲಭೆ ಎಬ್ಬಿಸುವ ಮಾತನ್ನು ತಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ತಡೆದ ಖಾತೆಯನ್ನು ಒಮ್ಮೆ ತೆರೆದು ನೋಡಿ. ಕಾನೂನಿನ ಬೇಡಿಕೆಯ ಮೇರೆಗೆ ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಕಾಣುತ್ತದೆ. ಯಾವ ಮಾತಿಗೆ, ಯಾರ ದೂರಿಗೆ ಎಂಬುದು ಅಲ್ಲಿ ಇರುವುದಿಲ್ಲ. ಥಾಪರ್ ಅವರಿಗೆ ಕೋರ್ಟಿನ ಮುಂದಿಡಲು ಒಂದು ಆದೇಶವಾದರೂ ಇತ್ತು.