ಒಂಟಿ ಸೆಲ್‌ನಿಂದ ಬಂದವರ ಮೌನ

ಜೈಲಿನ ಒಂಟಿ ಸೆಲ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರು ಹೆಚ್ಚಾಗಿ ಮಾತು ಕಡಿಮೆ ಮಾಡಿರುತ್ತಾರೆ. ಮನೆಯವರು ಅದನ್ನು ಸುಧಾರಣೆ ಅಂದುಕೊಳ್ಳುತ್ತಾರೆ. ‘ಅವ ಈಗ ಭಾರೀ ಶಾಂತ ಡಾಕ್ಟ್ರೇ, ಜಗಳ ಎಂತದ್ದೂ ಇಲ್ಲ’ ಎಂದು ಮಂಗಳೂರಿನ ನಮ್ಮ ಕ್ಲಿನಿಕ್‌ನಲ್ಲಿ ತಾಯಿಯೊಬ್ಬರು ಹೇಳಿದ್ದರು. ಮಗ ಬೇರೆ ರಾಜ್ಯದ ಜೈಲಿನಲ್ಲಿದ್ದವನು. ಕೇಳುತ್ತಾ ಹೋದಂತೆ ಬೇರೆಯದೇ ಚಿತ್ರ ಸಿಕ್ಕಿತು. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೊರಟ ಬಸ್ಸಿನಲ್ಲಿ ಜನ ತುಂಬಿದರೆ ಅರ್ಧದಲ್ಲೇ ಇಳಿಯುತ್ತಾನೆ. ಕೋಣೆಯ ಚಿಲಕ ಒಳಗಡೆಯೇ ಇದ್ದರೂ, ಯಾರಾದರೂ ಬಂದು ಬಾಗಿಲು ತೆಗೆಯಲಿ ಎಂದು ನಿಂತಿರುತ್ತಾನೆ.

ನಮ್ಮ ಮಿದುಳಿಗೆ ಮುಖ, ಮಾತು, ಬೆಳಕು ಬೇಕು. ಅವು ನಿಂತರೆ ಸಣ್ಣ ಸದ್ದೂ ದೊಡ್ಡದಾಗುತ್ತದೆ, ಒಂದೇ ಯೋಚನೆ ಸುತ್ತುತ್ತದೆ, ನಿದ್ದೆ ಹಗಲುರಾತ್ರಿಯ ಲೆಕ್ಕ ತಪ್ಪುತ್ತದೆ. ಅಮೆರಿಕದ ಮನೋವೈದ್ಯ ಸ್ಟುವರ್ಟ್ ಗ್ರಾಸಿಯನ್ 1983ರಲ್ಲಿ ಇಂಥ 14 ಕೈದಿಗಳ ಬಗ್ಗೆ ಬರೆದಾಗ ಇಂಥದೇ ಲಕ್ಷಣಗಳನ್ನು ದಾಖಲಿಸಿದ್ದರು. ಇಲ್ಲದ್ದು ಕಾಣುವುದು, ಕೇಳುವುದು, ಎಲ್ಲರ ಮೇಲೂ ಅನುಮಾನ, ತಡೆಯಲಾಗದ ಸಿಟ್ಟು ಕೂಡ ಅದರಲ್ಲಿದ್ದವು. ಒಬ್ಬರೇ ಇದ್ದರೆ ನಮಗೂ ಹಾಯೆನಿಸುತ್ತದೆ, ಅಲ್ವಾ? ಆದರೆ ಬೇಕೆಂದಾಗ ನಾವು ಎದ್ದು ಹೊರಗೆ ಬರಬಹುದು.

ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲಿನ ಗಲಾಟೆ ಸುದ್ದಿಯಾದಾಗಲೆಲ್ಲ ‘ಇವರನ್ನು ಒಬ್ಬೊಬ್ಬರನ್ನೇ ಕೂಡಿಹಾಕಬೇಕು’ ಎನ್ನುವವರಿದ್ದಾರೆ. ಕೇಳಿದರೆ ಸಂಕಟವಾಗುತ್ತದೆ. ಕಾನೂನೇ ಅಷ್ಟು ಸಲೀಸಾಗಿ ಬಿಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಶಿಕ್ಷೆ ಕೊಡಬೇಕಾದದ್ದು ಕೋರ್ಟು. ಒಟ್ಟು 3 ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನ ದಾಟುವಂತಿಲ್ಲ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ ಮಾಡಿರುವ ಮಂಡೇಲಾ ನಿಯಮಗಳು 15 ದಿನ ಮೀರಿದ ಒಂಟಿ ಸೆರೆಯನ್ನು ನಿಷೇಧಿಸುತ್ತವೆ. ಹಾಗಿದ್ದೂ ಬೆಳಗಾವಿ ಜೈಲಿನಲ್ಲಿ ಮರಣದಂಡನೆ ಕೈದಿಯೊಬ್ಬನನ್ನು ಸುಮಾರು 10 ವರ್ಷ ಒಂಟಿಯಾಗಿ ಇಟ್ಟಿದ್ದರು. ಅದು ಕಾನೂನುಬಾಹಿರ ಎಂದ ಸುಪ್ರೀಂ ಕೋರ್ಟ್ 2022ರಲ್ಲಿ ಆತನ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಇಂಥವರು ಮನೆಗೆ ಬಂದರೆ ‘ಸುಮ್ನೆ ಬಿಡಿ, ರೆಸ್ಟ್ ತೆಗೆದುಕೊಳ್ಳಲಿ’ ಎಂದು ಕೋಣೆಗೆ ಊಟ ಕಳಿಸಬೇಡಿ. ಒಟ್ಟಿಗೆ ಕೂತು ಉಣ್ಣಿ. ಮಾತಾಡದಿದ್ದರೂ ಪರವಾಗಿಲ್ಲ. ಜನ ಕಡಿಮೆ ಇರುವ ಹೊತ್ತಲ್ಲಿ ಸ್ವಲ್ಪ ದೂರ ನಡೆಸಿಕೊಂಡು ಬನ್ನಿ. ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ತಡ ಮಾಡದೆ ಮನೋವೈದ್ಯರ ಹತ್ತಿರ ಕರೆತನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಇನ್ನೊಂದು ವಿಷಯ: ಮರ್ಯಾದೆಗೆ ಅಂಜಿ ಜೈಲಿನ ವಿಚಾರ ಮುಚ್ಚಿಟ್ಟು ‘ಗಲ್ಫ್‌ನಲ್ಲಿದ್ದ’ ಎನ್ನುವವರು ಜಾಸ್ತಿ. ಡಾಕ್ಟರಿಗಾದರೂ ನಿಜ ಹೇಳಿ, ಒಂಟಿ ಸೆಲ್‌ನಲ್ಲಿ ಎಷ್ಟು ದಿನ ಇದ್ದ ಎಂಬುದನ್ನೂ ಹೇಳಿ. ಚಿಕಿತ್ಸೆ ಶುರುವಾಗುವುದು ಅಲ್ಲಿಂದಲೇ.