ಒಂದು ಚಮಚ ಎಣ್ಣೆ, 20 ಗುಂಟೆ ನೀರು

ನ್ಯಾನೋಮೀಟರ್ ಅಂದರೆ ಮೀಟರಿನ 100 ಕೋಟಿ ಪಾಲಿನಲ್ಲಿ ಒಂದು ಪಾಲು. ಇದನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಒಂದು ಅಂಕದ ಪ್ರಶ್ನೆ, ಬರೆದು ಮುಂದೆ ಹೋಗುತ್ತೇವೆ. ಅದು ಎಷ್ಟು ಚಿಕ್ಕದು ಅನ್ನೋದು ನನ್ನ ತಲೆಗೆ ಇಳಿದದ್ದು ದಾವಣಗೆರೆಯ ನಮ್ಮ ರೂಮಿನಲ್ಲಿ, ಚಳ್ಳಕೆರೆಯಿಂದ ತಂದ ಶೇಂಗಾ ಎಣ್ಣೆ ಮತ್ತು ಒಂದು ಪರಾತದ ಮುಂದೆ ಕೂತಾಗ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ಒಂದು ಭಾಗಾಕಾರ ಸಾಕಾಯಿತು.

ಆ ಭಾಗಾಕಾರವನ್ನು ಮೊದಲು ಮಾಡಬಹುದಾಗಿದ್ದವನು ಬೆಂಜಮಿನ್ ಫ್ರಾಂಕ್ಲಿನ್. ಲಂಡನ್ನಿನ ಕ್ಲಾಪ್‌ಹ್ಯಾಮ್‌ನಲ್ಲಿ ಒಂದು ಕೊಳದ ನೀರು ಗಾಳಿಗೆ ಅಲೆ ಏಳುತ್ತಿತ್ತು. ಫ್ರಾಂಕ್ಲಿನ್ ಅದಕ್ಕೆ ಒಂದು ಚಮಚದಷ್ಟು ಎಣ್ಣೆ ಸುರಿದ. ಎಣ್ಣೆ ಹರಡುತ್ತಾ ಹೋಗಿ ಸುಮಾರು ಅರ್ಧ ಎಕರೆ ನೀರು ಅಲೆ ನಿಂತು ನುಣ್ಣಗಾಯಿತು. ಈ ವಿಷಯ 1774ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅರ್ಧ ಎಕರೆ ಅಂದರೆ ನಮ್ಮ ಲೆಕ್ಕಕ್ಕೆ 20 ಗುಂಟೆ, ಸುಮಾರು 2,000 ಚದರ ಮೀಟರ್. ಚಮಚ 5 ಮಿಲಿಲೀಟರ್‌ನದು ಎಂದುಕೊಳ್ಳಿ. ಎಣ್ಣೆಯ ಗಾತ್ರವನ್ನು ಅದು ಹರಡಿದ ಜಾಗದಿಂದ ಭಾಗಿಸಿದರೆ ಎಣ್ಣೆಯ ದಪ್ಪ ಸಿಗುತ್ತದೆ: 2.5 ನ್ಯಾನೋಮೀಟರ್! ಹೀಗೆ ಹರಡಿದ ಎಣ್ಣೆ ಸುಮಾರು ಒಂದೇ ಅಣುವಿನಷ್ಟು ದಪ್ಪ (ಏಕೆಂದು ಮುಂದೆ ನೋಡೋಣ). ಅಂದರೆ ಅಣುವಿನ ಅಳತೆ ಫ್ರಾಂಕ್ಲಿನ್ ಕೈಗೇ ಬಂದಿತ್ತು, ಆದರೆ ಭಾಗಿಸಿ ನೋಡಲಿಲ್ಲ. 1890ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೇ ಆಲಿವ್ ಎಣ್ಣೆಯಲ್ಲಿ ಅಳೆದಾಗ ಸುಮಾರು 1.6 ನ್ಯಾನೋಮೀಟರ್ ಬಂತು. ನಡುವೆ 116 ವರ್ಷ ಕಳೆದಿತ್ತು.

(ಇದನ್ನು ಓದಿ ಚಮಚ ಹಿಡಿದು ಕುಂದುವಾಡ ಕೆರೆಗೆ ಹೋಗಬೇಡಿ. ಅದು ಊರು ಕುಡಿಯುವ ನೀರು.)

ಮನೆಯಲ್ಲಿ ಮಾಡುವುದಾದರೆ ಚಮಚ ಎಣ್ಣೆ ತೀರಾ ಜಾಸ್ತಿ. ಒಂದೇ ಹನಿಗೂ ಒಂದು ಕೋಣೆಯಷ್ಟು ನೀರು ಬೇಕಾಗುತ್ತದೆ. ಆದ್ದರಿಂದ ಅರ್ಧ ಮಿಲಿಮೀಟರ್ ಅಗಲದ ಹನಿ ಸಾಕು. ಕರೆಂಟ್ ವೈರಿನ ಒಳಗಿನ ಒಂದು ತೆಳು ಎಳೆ ತೆಗೆದು, ತುದಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ ಎತ್ತಿ. ನೇತಾಡುವ ಹನಿಯನ್ನು ಸ್ಕೇಲಿನ ಮುಂದೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಗಲವಾದ ಪರಾತದಲ್ಲಿ ನೀರು ತುಂಬಿಸಿ, ಅದು ಅಲುಗಾಡದೆ ನಿಂತ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಈಗ ಹನಿಯನ್ನು ನಡುವೆ ಮುಟ್ಟಿಸಿ. ಕಣ್ಣು ಮಿಟುಕಿಸುವುದರೊಳಗೆ ಪೌಡರ್ ಸುತ್ತಲೂ ಸರಿದು ಗುಂಡಗೆ ಜಾಗ ಬಿಡುತ್ತದೆ. ನಮಗೆ ಬಂದ ವೃತ್ತ ಸುಮಾರು 20 ಸೆಂಟಿಮೀಟರ್ ಅಗಲ.

ಲೆಕ್ಕ ಹೀಗೆ. ಅರ್ಧ ಮಿಲಿಮೀಟರ್ ಹನಿಯ ಗಾತ್ರ 0.065 ಘನ ಮಿಲಿಮೀಟರ್. ವೃತ್ತದ ವಿಸ್ತೀರ್ಣ 31,400 ಚದರ ಮಿಲಿಮೀಟರ್. ಭಾಗಿಸಿ, ಬಂದದ್ದನ್ನು 10 ಲಕ್ಷದಿಂದ ಗುಣಿಸಿ (1 ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್). ಉತ್ತರ 2 ನ್ಯಾನೋಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ಕೂದಲೆಳೆ ಅನ್ನುವುದು ಬರೀ ಮಾತಿಗೆ. ನಿಜವಾದ ತಲೆಗೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತದೆ.

ಪರೀಕ್ಷೆಗೆ ಓದುವವರು ಒಂದು ಕಡೆ ಎಚ್ಚರ ಇರಲಿ. ಹನಿಯ ಅಗಲವನ್ನು ಮೂರು ಸಲ ಗುಣಿಸುತ್ತೇವೆ. 0.5 ಇದ್ದದ್ದನ್ನು 0.6 ಎಂದು ಓದಿದರೆ ಉತ್ತರ 2.1ರಿಂದ 3.6ಕ್ಕೆ ಹಾರುತ್ತದೆ. ಅದಕ್ಕೇ ಪಿಯು ಭೌತಶಾಸ್ತ್ರದ ಹಿಂದಿನ ಪಠ್ಯದಲ್ಲಿದ್ದ ವಿಧಾನದಲ್ಲಿ ಹನಿಯ ಅಗಲ ಅಳೆಯುವ ಗೋಜೇ ಇಲ್ಲ. ಎಣ್ಣೆಗಳಲ್ಲಿ ಸಿಗುವ ಒಲೀಕ್ ಆಮ್ಲವನ್ನು ಆಲ್ಕೋಹಾಲಿನಲ್ಲಿ 20 ಪಟ್ಟು, ಮತ್ತೆ 20 ಪಟ್ಟು ತೆಳು ಮಾಡಿ, 400ರಲ್ಲಿ 1 ಪಾಲಿನ ದ್ರಾವಣವನ್ನು ಹನಿ ಎಣಿಸಿ ಬಿಡುತ್ತಾರೆ. ಲೆಕ್ಕ ಪಕ್ಕಾ ಬರುತ್ತದೆ. ಆದರೂ ನನಗೆ ವೈರಿನ ಎಳೆಯೇ ಇಷ್ಟ. ಹನಿ ಕಣ್ಣಿಗೆ ಕಾಣುತ್ತದಲ್ಲ.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಎಣ್ಣೆ ಮುಟ್ಟಿಸುವ ಮೊದಲೇ ಪೌಡರ್ ಒಂದು ಮೂಲೆಗೆ ಓಡಿತು. ಪರಾತ ತೊಳೆದ ಸೋಪು ಪೂರ್ತಿ ಹೋಗಿರಲಿಲ್ಲ. ಸೋಪೂ ಎಣ್ಣೆಯ ಹಾಗೆಯೇ ನೀರಿನ ಮೇಲೆ ಪದರ ಕಟ್ಟುತ್ತದೆ. ಆಗ ರೂಮಿನಲ್ಲಿ ಬೈಗುಳ ಬಿತ್ತು, ಆಮೇಲೆ ಗೊತ್ತಾಯಿತು: ಇಂಥ ಜಿಡ್ಡು ನೀರಿನಿಂದಲೇ ಒಂದು ವಿಜ್ಞಾನ ಹುಟ್ಟಿದೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಆಗ್ನೆಸ್ ಪೊಕೆಲ್ಸ್ ಎಂಬ ಹುಡುಗಿ ಮನೆಯಲ್ಲಿ ಪಾತ್ರೆ ತೊಳೆಯುತ್ತಾ, ಜಿಡ್ಡು ಸೇರಿದ ನೀರಿನ ಮೈ ಹೇಗೆ ಬದಲಾಗುತ್ತದೆ ಎಂದು ಗಮನಿಸಿದಳು. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಗಡಿನ ತೊಟ್ಟಿ, ಒಂದು ಅಂಗಿ ಗುಂಡಿ, ಸಣ್ಣ ತಕ್ಕಡಿ, ಇಷ್ಟರಲ್ಲೇ ಅಳತೆ ಮಾಡಿದಳು. 1891ರಲ್ಲಿ ರ‍್ಯಾಲೇಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದಳು. ಅವರು ಅದನ್ನು ಬದಿಗಿಡಲಿಲ್ಲ, ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. ಮುಂದೆ ಇದೇ ದಾರಿಯಲ್ಲಿ ಹೋದ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಸಿಕ್ಕಿತು. ಅದೇ ವರ್ಷ ಪೊಕೆಲ್ಸ್‌ಗೆ ಅವರ ಊರಿನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ ಎಪ್ಪತ್ತು.

ಎಣ್ಣೆ ಇಷ್ಟು ತೆಳುವಾಗುವವರೆಗೂ ಹರಡುವುದೇಕೆ, ಅಲ್ಲಿಗೇ ನಿಲ್ಲುವುದೇಕೆ? ಭದ್ರಾ ನಾಲೆಯ ಕಡೆಯ ಗದ್ದೆಯಲ್ಲಿ ಭತ್ತದ ನಾಟಿ ನೋಡಿದವರಿಗೆ ಇದು ಸುಲಭ. ಸಸಿಯ ಬೇರು ಕೆಸರಿನಲ್ಲಿ, ಎಲೆ ಗಾಳಿಯಲ್ಲಿ. ಎಣ್ಣೆಯ ಅಣುವೂ ಹಾಗೇ. ಆಕ್ಸಿಜನ್ ಇರುವ ಅದರ ತಲೆಗೆ ನೀರು ಬೇಕು, ಕಾರ್ಬನ್ನಿನ ಉದ್ದ ಬಾಲಗಳಿಗೆ ನೀರು ಬೇಡ. ಪ್ರತಿ ಅಣುವೂ ನೀರಿನಲ್ಲಿ ತಲೆಯೂರಲು ಜಾಗ ಹುಡುಕುತ್ತದೆ. ಎಲ್ಲಕ್ಕೂ ಜಾಗ ಸಿಕ್ಕಿತೋ, ನಾಟಿ ಮುಗಿಯಿತು. ಸಸಿಯ ಮೇಲೆ ಸಸಿ ನೆಡಲಾಗುತ್ತದಾ? ಹಾಗಾಗಿ ನಾವು ಅಳೆದ 2 ನ್ಯಾನೋಮೀಟರ್ ಅಂದರೆ ಸುಮಾರಾಗಿ ಒಂದು ಅಣುವಿನ ಎತ್ತರವೇ. ಡಿಎನ್‌ಎ ಎಳೆಯ ಅಗಲವೂ ಸುಮಾರು ಅಷ್ಟೇ.

ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣ ಇಲ್ಲಿ ಕಾಣುವುದಿಲ್ಲ. ಆ ಪದರ ನೂರಾರು ನ್ಯಾನೋಮೀಟರ್ ದಪ್ಪ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವೇ 400ರಿಂದ 700. ಅದರ ಮುಂದೆ 2 ಯಾವ ಲೆಕ್ಕ? ಪೌಡರ್ ಹಾಕುವುದು ಅದಕ್ಕೇ.

ಇನ್ನೊಂದು ಮಾತು. ಚಮಚದ ಎಣ್ಣೆ ಉಂಡೆಯಾಗಿದ್ದರೆ ಅದರ ಹೊರಮೈ 14 ಚದರ ಸೆಂಟಿಮೀಟರ್ ಮಾತ್ರ, ಬಹುಪಾಲು ಅಣುಗಳು ಒಳಗೇ ಅಡಗಿರುತ್ತವೆ. ಹರಡಿದಾಗ ಎಲ್ಲವೂ ಹೊರಮೈಯೇ. ಚಿಕ್ಕ ಲೋಕದ ಆಟಗಳು ಬಹುಮಟ್ಟಿಗೆ ಇದರಿಂದಲೇ. ಟ್ಯೂಬ್‌ಲೈಟ್ ಪಕ್ಕದ ಹಲ್ಲಿಯನ್ನೇ ನೋಡಿ. ಅದರ ಪಾದದಲ್ಲಿ ಅಂಟಿಲ್ಲ. ಟೋಕೇ ಎಂಬ ದೊಡ್ಡ ಹಲ್ಲಿಯ ಒಂದು ಪಾದಕ್ಕೆ ಸುಮಾರು 5 ಲಕ್ಷ ರೋಮ, ಒಂದೊಂದು ರೋಮಕ್ಕೆ ನೂರಾರು ಕವಲು, ಕವಲಿನ ತುದಿ ಸುಮಾರು 200 ನ್ಯಾನೋಮೀಟರ್. ಅಷ್ಟು ತುದಿಗಳು ಗೋಡೆಗೆ ಒತ್ತಿಕೊಂಡಾಗ ಅಣು ಅಣುವಿನ ನಡುವಿನ ದುರ್ಬಲ ಸೆಳೆತವೇ ಕೂಡಿ ಕೂಡಿ ಹಲ್ಲಿಯನ್ನು ಹಿಡಿದು ನಿಲ್ಲಿಸುತ್ತದೆ.

ಇದನ್ನೆಲ್ಲ ಕೇಳಿ ಹಿರಿಯೂರು ಕಡೆಯ ಗೆಳೆಯ ಒಂದು ಪ್ರಶ್ನೆ ಹಾಕಿದ. “ಹಂಗಾದ್ರೆ ವಾಣಿವಿಲಾಸ ಸಾಗರಕ್ಕೆ ಇಂಥ ಪದರ ಹೊದಿಸಿ, ನೀರು ಆವಿಯಾಗೋದನ್ನ ತಡೀಬೋದಲ್ಲೋ?” ಒಳ್ಳೆಯ ಪ್ರಶ್ನೆ. ಶೇಂಗಾ ಎಣ್ಣೆಯಿಂದ ಆಗುವುದಿಲ್ಲ. ಅದರ ಬಾಲಗಳಲ್ಲಿ ಹೆಚ್ಚಿನವು ಸೊಟ್ಟ, ನಡುವೆ ಸಂದು ಉಳಿಯುತ್ತದೆ. ಸೀಟೈಲ್ ಆಲ್ಕೋಹಾಲ್ ಎಂಬ ಮೇಣದಂಥ ವಸ್ತುವಿನ ಬಾಲ ನೆಟ್ಟಗಿರುತ್ತದೆ. ಒತ್ತೊತ್ತಾಗಿ ನಿಂತು ಆವಿಯನ್ನು ನಿಜಕ್ಕೂ ತಡೆಯುತ್ತದೆ. 1950ರ ದಶಕದಲ್ಲಿ ಆಸ್ಟ್ರೇಲಿಯಾದವರು ಜಲಾಶಯಗಳಲ್ಲೇ ಹಾಕಿ ನೋಡಿದರು. ತೊಂದರೆ ಕೊಟ್ಟಿದ್ದು ಗಾಳಿ. ಪದರವನ್ನು ಒಂದು ದಡಕ್ಕೆ ಗುಡಿಸಿಬಿಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ.

ಅವನು ಬಿಡಲಿಲ್ಲ. “ಅಷ್ಟು ದೊಡ್ಡದು ಬ್ಯಾಡಪ್ಪ, ನಮ್ಮ ಹೊಲದ ಕೃಷಿ ಹೊಂಡಕ್ಕೆ?” ಸೀಟೈಲ್ ಆಲ್ಕೋಹಾಲ್ ಸಿಕ್ಕರೆ ಮಾಳಿಗೆ ಮೇಲೆ ಎರಡು ಪರಾತ ಇಟ್ಟು, ದಿನಾ ಸ್ಕೇಲ್ ಹಿಡಿದು ನೋಡೋಣ ಅಂದುಕೊಂಡಿದ್ದೇವೆ. ಈ ಸಲ ಸೋಪು ಚೆನ್ನಾಗಿ ತೊಳೆದು.